ತಂತಿ ತಕರಾರು: ಬ್ಯಾಂಡ್ ಬಿಟ್ಟವನು ಎಲ್ಲಿಗೆ ಹೋದ?

ಹೋದ ತಿಂಗಳು ಮ್ಯಾಂಚೆಸ್ಟರಿನ ‘ದಿ ಸ್ಮಿತ್ಸ್’ ಬ್ಯಾಂಡ್ 1987ರಲ್ಲಿ ಒಡೆದ ಕತೆ ಬರೆದಿದ್ದೆ. ಗಿಟಾರಿಸ್ಟ್ ಜಾನಿ ಮಾರ್ ಆಮೇಲೆ ಏನು ಮಾಡಿದ ಅನ್ನೋದು ಬೇರೆಯೇ ಕತೆ ಅಂತ ಹೇಳಿ ಸುಮ್ಮನಾಗಿದ್ದೆ. ಸುಮ್ಮನಿರೋಕೆ ನೀವು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಆರಿಸಿದ ಆರು ಪ್ರಶ್ನೆಗಳು ಇಲ್ಲಿವೆ.

ಅಷ್ಟು ಹೆಸರು ಬಂದ ಬ್ಯಾಂಡನ್ನು 23ನೇ ವಯಸ್ಸಿಗೇ ಬಿಡೋದು ಅಂದ್ರೆ ತಲೆ ತಿರುಗಿರಬೇಕು, ಅಲ್ವಾ ಸಾರ್?
– ಶಿವಮೊಗ್ಗದ ಓದುಗರು

ತಲೆ ತಿರುಗಿರಲಿಲ್ಲ, ಸುಸ್ತಾಗಿತ್ತು. 1984ರಿಂದ 87ರ ಒಳಗೆ ನಾಲ್ಕು ಸ್ಟುಡಿಯೊ ಆಲ್ಬಂ, ನಡುನಡುವೆ ಸಿಂಗಲ್‌ಗಳು, ಅದರ ಮೇಲೆ ಊರೂರು ತಿರುಗಾಟ. ಸಾಹಿತ್ಯ ಹಾಡುಗಾರ ಮೊರಿಸ್ಸಿಯದು, ಸಂಗೀತವೆಲ್ಲ ಮಾರ್‌ದು. ಬ್ಯಾಂಡಿಗೆ ಗಟ್ಟಿಯಾಗಿ ನಿಂತ ಮ್ಯಾನೇಜರ್ ಕೂಡ ಇರಲಿಲ್ಲ. ಆ ಕೆಲಸವೂ ಈ ಹುಡುಗನ ತಲೆ ಮೇಲೇ ಬಿತ್ತು. ಮದುವೆ ಮನೆಯಲ್ಲಿ ಅಡುಗೆಯವನೇ ಬಡಿಸಿ, ಅವನೇ ಎಲೆ ಎತ್ತಿ, ಕೊನೆಗೆ ಲೆಕ್ಕವನ್ನೂ ಅವನೇ ಬರೆದ ಹಾಗೆ. ಕೊನೆಯ ಆಲ್ಬಂ ಅಂಗಡಿಗೆ ಬಂದದ್ದು 1987ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಮಾರ್ ಬ್ಯಾಂಡ್ ಬಿಟ್ಟಾಗಿತ್ತು.

ಬಿಟ್ಟ ಮೇಲೆ ತನ್ನದೇ ಆಲ್ಬಂ ಮಾಡಿದನಾ? ಎಲ್ಲರೂ ಹಾಗೇ ತಾನೇ ಮಾಡೋದು?
– ಧಾರವಾಡದ ಓದುಗರು

ಇಲ್ಲ. ನನಗೆ ಈ ಮನುಷ್ಯ ಇಷ್ಟವಾಗುವುದೇ ಅದಕ್ಕೆ. ಸಾಮಾನ್ಯವಾಗಿ ಬ್ಯಾಂಡ್ ಬಿಟ್ಟವನು ಮರು ವರ್ಷವೇ ತನ್ನ ಮುಖವನ್ನು ಕವರ್ ಮೇಲೆ ಹಾಕಿಕೊಂಡು ಬರುತ್ತಾನೆ. ಮಾರ್ ಹೋಗಿ ಇನ್ನೊಬ್ಬರ ಪಕ್ಕದಲ್ಲಿ ನಿಂತ. ನಮ್ಮ ಕಚೇರಿಗಳಲ್ಲಿ ಪಕ್ಕವಾದ್ಯ ಅಂತೀವಲ್ಲ, ಅದೇ ಕೆಲಸ.

ಬ್ರಯಾನ್ ಫೆರ್ರಿಯ ಆಲ್ಬಮ್ಮಿಗೆ ನುಡಿಸಿದ. ‘ದಿ ಪ್ರಿಟೆಂಡರ್ಸ್’ ಜೊತೆ ಸ್ವಲ್ಪ ಕಾಲ ಪ್ರವಾಸ ಹೋದ. ‘ಟಾಕಿಂಗ್ ಹೆಡ್ಸ್’ನವರು ಪ್ಯಾರಿಸ್ಸಿನಲ್ಲಿ ತಮ್ಮ ಕೊನೆಯ ಆಲ್ಬಂ ‘ನೇಕೆಡ್’ ರೆಕಾರ್ಡ್ ಮಾಡುತ್ತಿದ್ದಾಗ ಅಲ್ಲಿಗೂ ಹೋದ. ಅದು ಬಿಡುಗಡೆಯಾದದ್ದು 1988ರಲ್ಲಿ. ಕರ್ಸ್ಟಿ ಮೆಕಾಲ್‌ಗೆ ನುಡಿಸಿದ, ಬಿಲ್ಲಿ ಬ್ರ್ಯಾಗ್‌ಗೆ ನುಡಿಸಿದ, ‘ಪೆಟ್ ಶಾಪ್ ಬಾಯ್ಸ್’ಗೂ ನುಡಿಸಿದ. ಮ್ಯಾಟ್ ಜಾನ್ಸನ್‌ನ ‘ದಿ ದಿ’ ಅನ್ನೋ ಬ್ಯಾಂಡಿಗೆ ಮಾತ್ರ ಸುಮ್ನೆ ಬಂದು ಹೋಗಲಿಲ್ಲ, ಸದಸ್ಯನಾಗೇ ಸೇರಿಕೊಂಡ. 1989ರಲ್ಲಿ ‘ಮೈಂಡ್ ಬಾಂಬ್’, 1993ರಲ್ಲಿ ‘ಡಸ್ಕ್’ ಬಂತು. ಎರಡನೆಯದರಲ್ಲಿ ಮೌತ್ ಆರ್ಗನ್ ಕೂಡ ಅವನದೇ. ಅದೇ ಹೊತ್ತಿಗೆ ‘ನ್ಯೂ ಆರ್ಡರ್’ನ ಬರ್ನಾರ್ಡ್ ಸಮ್ನರ್ ಜೊತೆ ‘ಇಲೆಕ್ಟ್ರಾನಿಕ್’ ಅಂತ ಒಂದು ಜೋಡಿ ಕಟ್ಟಿದ. ಅಲ್ಲಿ ಗಿಟಾರಿಗಿಂತ ಕೀಬೋರ್ಡು, ಡ್ರಮ್ ಮೆಷಿನ್ನುಗಳದ್ದೇ ಜಾಸ್ತಿ ಸದ್ದು. ‘ಗಿಟಾರ್ ದೇವರು ಕಂಪ್ಯೂಟರ್ ಮುಂದೆ ಕೂತ’ ಅಂತ ಹಳೇ ಅಭಿಮಾನಿಗಳು ಮುಖ ಸಿಂಡರಿಸಿದರು. ನಾನೂ ಸಿಂಡರಿಸಿದ್ದೆ. ಈಗ ಕೇಳಿದರೆ ಆ 1991ರ ಮೊದಲ ಆಲ್ಬಂ ಚೆನ್ನಾಗೇ ಇದೆ.

ಬೇರೆಯವರ ಹಾಡಿನಲ್ಲಿ ನುಡಿಸಿದರೂ ಇದು ಮಾರ್ ಅಂತ ಗೊತ್ತಾಗುತ್ತೆ ಅಂತೀರಿ. ಹೇಗೆ? ನಾನು ಗಿಟಾರ್ ಕಲಿಯುತ್ತಿದ್ದೇನೆ.
– ಹಾಸನದ ಓದುಗರು

ಮೊದಲನೆಯದು, ಅವನು ಕಾರ್ಡನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪನ್ನು, ಬಾರಿಸುವುದು ಕಡಿಮೆ, ಬಿಡಿಸುವುದು ಜಾಸ್ತಿ. ಒಂದು ಕಾರ್ಡ್ ಹಿಡಿದು ತಂತಿಗಳನ್ನು ಒಂದೊಂದಾಗಿ ಮೀಟುತ್ತಾ, ನಡುವೆ ಒಂದು ಬೆರಳೆತ್ತಿ ಸಣ್ಣ ರಾಗ ಸೇರಿಸುತ್ತಾನೆ. ಸೋಲೊ ಅಂತ ಎದ್ದು ನಿಂತು ಕುಣಿಯುವುದು ಅಪರೂಪ. ಹಾಡುವವನ ಉಸಿರಿಗೆ ಜಾಗ ಉಳಿಯುತ್ತದೆ, ಗಿಟಾರೂ ಕೇಳಿಸುತ್ತಲೇ ಇರುತ್ತದೆ.

ಎರಡನೆಯದು ಕ್ಯಾಪೊ. ಗಿಟಾರಿನ ಕುತ್ತಿಗೆಗೆ ಹಾಕುವ ಕ್ಲಿಪ್ಪು, ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಶ್ರುತಿ ಏರಿಸುತ್ತದೆ. ಅದು ಸೋಮಾರಿಗಳ ಸಾಧನ ಅಂತ ನನ್ನ ಕಾಲದಲ್ಲಿ ನಗುತ್ತಿದ್ದರು. ಮಾರ್ ಹೋಗಲಿ, ನನ್ನ ಹೊಟ್ಟೆ ತುಂಬಿಸಿದ್ದೂ ಅದೇ. ಹನ್ನೊಂದು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದೆ. ಹಾಡುವ ಹೆಣ್ಣುಮಗಳು ಸ್ಟೇಜ್ ಹತ್ತಿದ ಮೇಲೆ ‘ಅಣ್ಣಾ, ಇವತ್ತು ಗಂಟಲು ಸರಿಯಿಲ್ಲ, ಐದೂವರೆ ಬೇಡ, ಐದು ಇರಲಿ’ ಅನ್ನೋಳು. ಶ್ರುತಿಯ ಲೆಕ್ಕದಲ್ಲಿ ಐದೂವರೆ ಅಂದರೆ ಜಿ ಶಾರ್ಪ್, ಐದು ಅಂದರೆ ಅದಕ್ಕಿಂತ ಅರ್ಧ ಸ್ವರ ಕೆಳಗಿನ ಜಿ. ಕ್ಯಾಪೊ ಮೊದಲ ಫ್ರೆಟ್ಟಿನಲ್ಲಿ, ಅಂದರೆ ಕುತ್ತಿಗೆ ಮೇಲಿನ ಮೊದಲ ಮನೆಯಲ್ಲಿ, ಇದ್ದರೆ ಕಿತ್ತು ಜೇಬಿಗೆ ಹಾಕಿಕೊಂಡರೆ ಆಯಿತು. ಬೆರಳಿಗೆ ಗೊತ್ತಿರುವ ಆಕಾರ ಅದೇ, ಖಾಲಿ ತಂತಿಗಳ ಝೇಂಕಾರವೂ ಉಳಿಯಿತು. ಮಾರ್‌ಗೆ ಬೇಕಾದದ್ದೂ ಆ ಝೇಂಕಾರವೇ. ಸ್ಮಿತ್ಸ್ ಕಾಲದಲ್ಲಿ ಗಿಟಾರನ್ನೇ ಒಂದು ಸ್ವರ ಮೇಲಕ್ಕೆ, ಅಂದರೆ ಎರಡು ಫ್ರೆಟ್ಟಿನಷ್ಟು ಬಿಗಿದು, ಅದರ ಮೇಲೆ ಕ್ಯಾಪೊ ಬೇರೆ ಹಾಕುತ್ತಿದ್ದ. ನೀವು ಹಾಗೆ ಬಿಗಿಯಲು ಹೋಗಬೇಡಿ, ತಂತಿ ಹಾರಿ ಕಣ್ಣಿಗೆ ಬಡಿದೀತು. ಕ್ಯಾಪೊ ಸಾಕು.

ಮೂರನೆಯದು ತಾಳ್ಮೆ. 1984ರಲ್ಲಿ ‘ಹೌ ಸೂನ್ ಈಸ್ ನೌ?’ ರೆಕಾರ್ಡ್ ಮಾಡುವಾಗ ಗಿಟಾರಿನ ಸದ್ದು ತಾಳಕ್ಕೆ ಸರಿಯಾಗಿ ನಡುಗಬೇಕಿತ್ತು. ಇವತ್ತಾದರೆ ಕಂಪ್ಯೂಟರಿನಲ್ಲಿ ಒಂದು ಗುಂಡಿ. ಆಗ ಏನು ಮಾಡಿದರು ಗೊತ್ತಾ? ಮೊದಲು ನುಡಿಸಿಟ್ಟ ಗಿಟಾರನ್ನು ಫೆಂಡರ್ ಟ್ವಿನ್ ರಿವರ್ಬ್ ಅನ್ನೋ ನಾಲ್ಕು ಆಂಪ್ಲಿಫೈಯರುಗಳಿಗೆ ಕೊಟ್ಟರು. ಒಂದೊಂದಕ್ಕೂ ನಡುಕದ ತಿರುಪು ಬೇರೆ ಬೇರೆ. ಎರಡರ ಮುಂದೆ ಮಾರ್ ಕೂತ, ಇನ್ನೆರಡರ ಮುಂದೆ ನಿರ್ಮಾಪಕ ಜಾನ್ ಪೋರ್ಟರ್. ಹತ್ತು ಸೆಕೆಂಡಿನಷ್ಟು ತಾಳಕ್ಕೆ ಕೂಡಿಕೊಂಡು ಹೋಗುತ್ತಿತ್ತು, ಆಮೇಲೆ ಯಾವುದೋ ಒಂದು ಜಾರುತ್ತಿತ್ತು. ಟೇಪ್ ನಿಲ್ಲಿಸು, ಹಿಂದಕ್ಕೆ ಸುತ್ತು, ತಿರುಪು ಸರಿ ಮಾಡು, ಮತ್ತೆ ಹತ್ತು ಸೆಕೆಂಡು. ಆ ಹಾಡು ಸುಮಾರು ಆರೂಮುಕ್ಕಾಲು ನಿಮಿಷ ಇದೆ, ಲೆಕ್ಕ ನೀವೇ ಹಾಕಿ.

ಸೆಷನ್ ನುಡಿಸಿದರೆ ದುಡ್ಡು ಬರುತ್ತಾ? ಬ್ಯಾಂಡಿನಲ್ಲಿದ್ದರೆ ಜಾಸ್ತಿನಾ?
– ಮಂಡ್ಯದ ಓದುಗರು

ಸೆಷನ್ ಅಂದರೆ ಕೂಲಿ. ಹೋಗು, ನುಡಿಸು, ದುಡ್ಡು ತಗೊಂಡು ಬಾ. ಬ್ರಿಟನ್ನಿನಲ್ಲಿ ರೇಡಿಯೊದಲ್ಲಿ ಹಾಡು ಬಂದರೆ ನುಡಿಸಿದವರಿಗೂ ಒಂದು ಪಾಲು ಸೇರುತ್ತದೆ. ಪಿಪಿಎಲ್ ಅನ್ನೋ ಸಂಸ್ಥೆ ಅದನ್ನು ಹಂಚುತ್ತದೆ. ದೊಡ್ಡ ಗಂಟು ಮಾತ್ರ ಹಾಡು ಬರೆದವರದ್ದು. ಮಾರ್ ಅಷ್ಟು ನಿರಾಳವಾಗಿ ಊರೂರು ಸುತ್ತಿದ ಅಂದರೆ, ಸ್ಮಿತ್ಸ್ ಹಾಡುಗಳಲ್ಲಿ ಅರ್ಧ ಹಕ್ಕು ಅವನದು ಅನ್ನೋದನ್ನು ಮರೆಯಬಾರದು.

ಬ್ಯಾಂಡಿನ ದುಡ್ಡಿನ ಕತೆ ಮಾತ್ರ ಕೋರ್ಟಿಗೆ ಹೋಯಿತು. ರೆಕಾರ್ಡಿಂಗು, ಕಾರ್ಯಕ್ರಮಗಳ ಆದಾಯದಲ್ಲಿ ಮೊರಿಸ್ಸಿ, ಮಾರ್ ಇಬ್ಬರಿಗೂ ನೂರಕ್ಕೆ 40ರಂತೆ, ಡ್ರಮ್ಮರ್ ಮೈಕ್ ಜಾಯ್ಸ್ ಮತ್ತು ಬಾಸಿಸ್ಟ್ ಆಂಡಿ ರೂರ್ಕ್‌ಗೆ 10ರಂತೆ ಪಾಲು ಹೋಗುತ್ತಿತ್ತು. ಕಾಗದದ ಮೇಲೆ ಏನೂ ಇರಲಿಲ್ಲ. ಜಾಯ್ಸ್ ದಾವೆ ಹೂಡಿದ. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರೆಲ್ಲ ಸಮಪಾಲುದಾರರು ಅಂತ 1890ರ ಪಾಲುದಾರಿಕೆ ಕಾಯ್ದೆ ಹೇಳುತ್ತದೆ. ಬೇರೆ ಒಪ್ಪಂದ ಆಗಿತ್ತು ಅಂತ ಸಾಬೀತಾಗಲಿಲ್ಲ. 1996ರಲ್ಲಿ ಜಾಯ್ಸ್‌ಗೆ ನೂರಕ್ಕೆ 25 ಸಿಕ್ಕಿತು. ರೂರ್ಕ್ ಅದಕ್ಕೂ ಮೊದಲೇ ಒಂದು ಮೊತ್ತಕ್ಕೆ ರಾಜಿ ಮಾಡಿಕೊಂಡು ಹೋಗಿದ್ದ, ಪಾಪ.

ನನ್ನದೂ ಒಂದಿದೆ. ಒಂದು ಕ್ಯಾಸೆಟ್ಟಿಗೆ ಎರಡು ರಾತ್ರಿ ನುಡಿಸಿದ್ದೆ. ಕೊಟ್ಟ ದುಡ್ಡು ಆಟೊಗೆ, ಊಟಕ್ಕೆ ಸರಿಹೋಯಿತು. ಬೇಜಾರಾದದ್ದು ಅದಕ್ಕಲ್ಲ. ಕ್ಯಾಸೆಟ್ ಬಂದ ಮೇಲೆ ಒಳಗಿನ ಚೀಟಿ ಬಿಡಿಸಿ ನೋಡಿದರೆ ಕೊಳಲಿನವರ ಹೆಸರಿದೆ, ತಬಲಾದವರ ಹೆಸರಿದೆ, ನನ್ನದಿಲ್ಲ. ಅಮ್ಮನಿಗೆ ತೋರಿಸೋಣ ಅಂತಲೇ ಕೊಂಡಿದ್ದೆ.

ಹಾಗಾದರೆ ಮಾರ್ ಕೊನೆವರೆಗೂ ಪಕ್ಕವಾದ್ಯದವನೇ?
– ಬೆಂಗಳೂರಿನ ಓದುಗರು

ಹಾಗಲ್ಲ, ತಡ ಮಾಡಿದ ಅಷ್ಟೇ. 2003ರಲ್ಲಿ ‘ದಿ ಹೀಲರ್ಸ್’ ಅನ್ನೋ ತಂಡದೊಂದಿಗೆ ‘ಬೂಮ್‌ಸ್ಲಾಂಗ್’ ತಂದು ಮೊದಲ ಸಲ ಮುಂದೆ ನಿಂತು ಹಾಡಿದ. ಅದು ಅಷ್ಟಾಗಿ ಓಡಲಿಲ್ಲ. ಆಮೇಲೆ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋಗಿ ‘ಮಾಡೆಸ್ಟ್ ಮೌಸ್’ ಸೇರಿದ. 2007ರ ಅವರ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಸ್ಮಿತ್ಸ್‌ಗೆ ಅಲ್ಲಿ ಎಂದೂ ಸಿಗದ ಸ್ಥಾನ ಅದು. ಅಲ್ಲೇ ಅವನು ಫೆಂಡರ್ ಜಾಗ್ವಾರ್ ಗಿಟಾರಿಗೆ ಮನಸೋತದ್ದು. ಮಾಮೂಲಿ ಜಾಗ್ವಾರಿನಲ್ಲಿ ತಂತಿಗಳ ಕೆಳಗೆ ಮೂರು ಪುಟ್ಟ ಜಾರುಗುಂಡಿಗಳಿವೆ. ನುಡಿಸುವಾಗ ಕೈ ತಾಗಿ ಸದ್ದೇ ನಿಂತು ಹೋಗುತ್ತದೆ. 2012ರಲ್ಲಿ ಫೆಂಡರ್‌ನವರು ಅವನ ಹೆಸರಿನಲ್ಲೇ ಒಂದು ಮಾಡೆಲ್ ತಂದಾಗ ಆ ಮೂರರ ಬದಲು ನಾಲ್ಕು ಹಂತದ ಒಂದೇ ಸ್ವಿಚ್ ಬಂದಿತ್ತು. ಸ್ಟೇಜಿನ ಮೇಲೆ ಪೇಚಾಡಿದವನಿಗಷ್ಟೇ ಹೊಳೆಯುವ ರಿಪೇರಿ.

ಇದರ ನಡುವೆ 2010ರಲ್ಲಿ ಸಂಗೀತ ನಿರ್ದೇಶಕ ಹ್ಯಾನ್ಸ್ ಝಿಮ್ಮರ್ ಕರೆದರು, ಮಾರ್ ‘ಇನ್ಸೆಪ್ಶನ್’ ಸಿನಿಮಾಗೆ ನುಡಿಸಿದ. ನಾನು ಥಿಯೇಟರಿನಲ್ಲಿ ಎದ್ದು ನಿಂತವರ ತಲೆಗಳ ನಡುವೆ ಇಣುಕಿ ಕೊನೆಯ ಹೆಸರುಗಳನ್ನು ಓದಿದವನು. ಹೆಂಡತಿ ಪಾರ್ಕಿಂಗಿನಲ್ಲಿ ಕಾಯುತ್ತಿದ್ದಳು.

ಪೂರ್ತಿ ತನ್ನ ಒಬ್ಬನ ಹೆಸರಿನಲ್ಲಿ ‘ದಿ ಮೆಸೆಂಜರ್’ ಬಂದಾಗ 2013, ಅವನಿಗೆ 49. ಆಮೇಲೆ ‘ಪ್ಲೇಲ್ಯಾಂಡ್’, ‘ಕಾಲ್ ದಿ ಕಾಮೆಟ್’, 2022ರಲ್ಲಿ ‘ಫೀವರ್ ಡ್ರೀಮ್ಸ್’. ದನಿ ಸಾಧಾರಣ, ಹೇಳಿಬಿಡುತ್ತೇನೆ. ಗಿಟಾರಿಗೆ ಮಾತ್ರ ವಯಸ್ಸಾಗಿಲ್ಲ. 2022ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಳೇ ಗೆಳೆಯ ಆಂಡಿ ರೂರ್ಕ್ ಬಂದು ಅವನ ಪಕ್ಕ ನಿಂತು ಬಾಸ್ ನುಡಿಸಿದ. ಮರು ವರ್ಷ ರೂರ್ಕ್ ತೀರಿಕೊಂಡ. ‘ಸ್ಮಿತ್ಸ್ ಮತ್ತೆ ಸೇರ್ತಾರಾ’ ಅಂತ ಕೇಳಿದ ಮೂರು ಪತ್ರಗಳಿಗೂ ಇಷ್ಟೇ ಉತ್ತರ.

ನಮ್ಮದು ಕಾಲೇಜ್ ಬ್ಯಾಂಡ್. ನಾನು ಬಿಡಬೇಕು ಅಂತಿದೀನಿ, ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಬೈಬೇಡಿ ಅಂಕಲ್.
– ಮೈಸೂರಿನ ಓದುಗ

ಬೈಯಲ್ಲಪ್ಪಾ. ಫೋನಿನಲ್ಲಿ ಮೆಸೇಜ್ ಹಾಕಬೇಡ, ಕೂತು ಹೇಳು. ಒಪ್ಪಿಕೊಂಡ ಕಾರ್ಯಕ್ರಮ ಇದ್ದರೆ ನುಡಿಸಿಕೊಟ್ಟು ಬಿಡು. ಹಾಡು ಯಾರ್‍ಯಾರು ಕಟ್ಟಿದ್ದು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಜಾಯ್ಸ್ ಕತೆ ಮೇಲೆ ಓದಿದೆಯಲ್ಲ. ಆಂಪ್ಲಿಫೈಯರನ್ನು ಚಂದಾ ಎತ್ತಿ ಕೊಂಡಿದ್ದರೆ ಅದರ ಲೆಕ್ಕವನ್ನೂ ಅವತ್ತೇ ಮುಗಿಸು. ನಿನ್ನ ಕೇಬಲ್ಲು, ಪೆಡಲ್ಲು ಮರೆಯದೆ ಎತ್ತಿಕೋ. ನಾನು ಆರ್ಕೆಸ್ಟ್ರಾ ಬಿಟ್ಟ ರಾತ್ರಿ ನನ್ನ ವಾ ಪೆಡಲ್ ಕೀಬೋರ್ಡಿನವನ ಚೀಲದಲ್ಲೇ ಉಳಿಯಿತು. ಇಪ್ಪತ್ತೆರಡು ವರ್ಷ ಆಯಿತು. ಅವನು ಈ ಪತ್ರಿಕೆ ತರಿಸುತ್ತಾನೆ ಅಂತ ಕೇಳಿದ್ದೇನೆ. ಗುರೂ, ಕೊರಿಯರ್ ದುಡ್ಡು ನಾನೇ ಕೊಡ್ತೀನಿ, ಕಳಿಸು.