ಗ್ರಾಂ ಸ್ಟೇನ್‌ನಲ್ಲಿ ಬ್ಯಾಕ್ಟೀರಿಯಾ ಕಂಡರೂ ಅನೇರೋಬಿಕ್ ಕಲ್ಚರ್‌ನಲ್ಲಿ ಏನೂ ಬೆಳೆಯದಿರುವುದು ಏಕೆ?

ಹೊಟ್ಟೆಯೊಳಗಿನ ಬಾವಿನಿಂದ ತೆಗೆದ ಕೀವು ದುರ್ನಾತ ಬೀರುತ್ತಿತ್ತು, ಗ್ರಾಂ ಸ್ಟೇನ್‌ನಲ್ಲಿ (ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಬ್ಯಾಕ್ಟೀರಿಯಾ ಕಂಡವು, ಆದರೂ ಆಮ್ಲಜನಕವಿಲ್ಲದ ವಾತಾವರಣದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಅನೇರೋಬಿಕ್ ಕಲ್ಚರ್‌ನ ವರದಿಯಲ್ಲಿ ‘ಬೆಳವಣಿಗೆ ಇಲ್ಲ’ ಎಂದು ಬಂತು ಎಂದಿದ್ದೀರಿ. ಸ್ವಾಬ್‌ನಲ್ಲಿ (ತುದಿಗೆ ಹತ್ತಿ ಸುತ್ತಿದ ಕಡ್ಡಿ) ತೆಗೆದು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಕಳುಹಿಸಿದ್ದಾಗಿಯೂ ಬರೆದಿದ್ದೀರಿ. ಉತ್ತರ ಬಹುಪಾಲು ಆ ಎರಡನೆಯ ಮಾತಿನಲ್ಲೇ ಇದೆ.

ನಾನು ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಬ್ಯಾಕ್ಟೀರಾಯ್ಡಿಸ್, ಫ್ಯುಸೊಬ್ಯಾಕ್ಟೀರಿಯಂನಂಥ ಅನೇರೋಬ್‌ಗಳಿಗೆ, ಅಂದರೆ ಆಮ್ಲಜನಕವಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ, ಗಾಳಿಯ ಆಮ್ಲಜನಕವೇ ವಿಷ. ಸ್ವಾಬ್‌ಗೆ ಅಂಟುವ ಕೀವು ಅತ್ಯಲ್ಪ. ಅದು ಬೇಗ ಒಣಗುತ್ತದೆ, ಹತ್ತಿಯ ಎಳೆಗಳ ನಡುವೆ ಗಾಳಿಯೂ ಸೇರಿರುತ್ತದೆ. ತಣ್ಣಗಿನ ದ್ರವದಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ಚಳಿಗೇ ಸಾಯುವ ಜೀವಿಗಳೂ ಇವೆ. ಹಾಗಾಗಿ ಫ್ರಿಜ್ ಬೇಡವೇ ಬೇಡ, ಕೋಣೆಯ ಉಷ್ಣತೆ ಸಾಕು. ಸತ್ತ ಬ್ಯಾಕ್ಟೀರಿಯಾಗಳೂ ಗ್ರಾಂ ಸ್ಟೇನ್‌ನಲ್ಲಿ ಬಣ್ಣ ಹಿಡಿಯುತ್ತವೆ. ಕಲ್ಚರ್‌ನಲ್ಲಿ ಬೆಳೆಯಬೇಕಾದರೆ ಜೀವವಿರಬೇಕು. ಮಾದರಿ ತೆಗೆಯುವ ಮೊದಲೇ ಆ್ಯಂಟಿಬಯಾಟಿಕ್ ಶುರುವಾಗಿದ್ದರೆ ಅದೂ ಒಂದು ಕಾರಣವಾಗಿರಬಹುದು.

ಚರ್ಮವನ್ನು ಚೆನ್ನಾಗಿ ಶುಚಿಗೊಳಿಸಿ, ಸೂಜಿ ಮತ್ತು ಸಿರಿಂಜ್‌ನಿಂದ ಬಾವಿನ ಆಳದ ಕೀವನ್ನೇ ಎಳೆಯಬೇಕು. ಸಿರಿಂಜ್‌ನೊಳಗಿನ ಗಾಳಿಯ ಗುಳ್ಳೆಯನ್ನು ಹೊರಹಾಕಿ, ಕೀವನ್ನು ಅನೇರೋಬಿಕ್ ಟ್ರಾನ್ಸ್‌ಪೋರ್ಟ್ ವಯಲ್‌ನ (ಮಾದರಿ ಸಾಗಿಸಲು ಬಳಸುವ, ಒಳಗೆ ಆಮ್ಲಜನಕವಿಲ್ಲದ ಪುಟ್ಟ ಸೀಸೆ) ರಬ್ಬರ್ ಮುಚ್ಚಳದ ಮೂಲಕ ಚುಚ್ಚಿ ಬಿಡಬೇಕು. ಅಂಥ ಹಲವು ವಯಲ್‌ಗಳಲ್ಲಿ ರೆಸಜೂರಿನ್ ಎಂಬ ಸೂಚಕ ಇರುತ್ತದೆ. ಬಳಸುವ ಮೊದಲೇ ಅದು ಗುಲಾಬಿಯಾಗಿದ್ದರೆ ಒಳಗೆ ಆಮ್ಲಜನಕ ನುಗ್ಗಿದೆ ಎಂದರ್ಥ. ಅದನ್ನು ಎಸೆದು ಬೇರೊಂದು ತೆಗೆದುಕೊಳ್ಳಿ. ವಯಲ್ ಇಲ್ಲದಿದ್ದರೆ ಸೂಜಿಯನ್ನು ಸುರಕ್ಷಿತವಾಗಿ ತೆಗೆದು, ಸಿರಿಂಜ್‌ಗೆ ಕ್ಯಾಪ್ ಹಾಕಿ ಅರ್ಧ ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಪ್ಲಾಸ್ಟಿಕ್ ಸಿರಿಂಜ್‌ನ ಗೋಡೆಯ ಮೂಲಕವೂ ಆಮ್ಲಜನಕ ನಿಧಾನವಾಗಿ ಒಳಸೇರುತ್ತದೆ. ಸೂಜಿ ಸಮೇತ ಕಳುಹಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಚುಚ್ಚಿಸಿಕೊಳ್ಳುವವರು ನಾವು.

ಕೀವು ಹೆಚ್ಚಿದ್ದಷ್ಟೂ ಒಳ್ಳೆಯದು. ಕೆಲವು ಮಿಲಿಲೀಟರ್‌ನಷ್ಟು ಗಟ್ಟಿ ಕೀವು ತನ್ನೊಳಗಿನ ಜೀವಿಗಳನ್ನು ತಾನೇ ಒಂದಿಷ್ಟು ಕಾಯುತ್ತದೆ, ಸ್ವಾಬ್‌ನ ತುದಿಗೆ ಆ ಬಲವಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದ ತುಣುಕು ಇನ್ನೂ ಉತ್ತಮ.

ಗಂಟಲಿನ ಸ್ವಾಬ್, ಕೆಮ್ಮಿ ಉಗುಳಿದ ಕಫ, ಸಾಮಾನ್ಯವಾಗಿ ವಿಸರ್ಜಿಸಿದ ಮೂತ್ರ, ಯೋನಿ ಸ್ವಾಬ್, ಮೇಲ್ಮೈ ಹುಣ್ಣಿನ ಸ್ವಾಬ್ ಇವುಗಳನ್ನು ಅನೇರೋಬಿಕ್ ಕಲ್ಚರ್‌ಗೆ ಕಳುಹಿಸಬೇಡಿ. ಅಲ್ಲೆಲ್ಲ ಅನೇರೋಬ್‌ಗಳು ಸಹಜವಾಗಿಯೇ ನೆಲೆಸಿರಬಹುದು. ಬೆಳೆದದ್ದು ರೋಗಕಾರಕವೋ ಅಲ್ಲಿನ ಖಾಯಂ ನಿವಾಸಿಯೋ ಹೇಳಲಾಗುವುದಿಲ್ಲ. ಮೂತ್ರವೇ ಬೇಕಿದ್ದರೆ ಹೊಟ್ಟೆಯ ಕೆಳಭಾಗದಿಂದ ಸೂಜಿ ಹಾಕಿ ನೇರವಾಗಿ ಮೂತ್ರಕೋಶದಿಂದ ತೆಗೆಯಬೇಕು.

ಕೋರಿಕೆ ಪತ್ರದಲ್ಲಿ ಬರೀ ‘ಕೀವು’ ಎಂದು ಬರೆಯದೆ, ಯಾವ ಜಾಗದ್ದು, ಯಾವ ಆ್ಯಂಟಿಬಯಾಟಿಕ್ ನಡೆದಿದೆ ಎಂಬುದನ್ನೂ ತಿಳಿಸಿ. ಆಕ್ಟಿನೊಮೈಸಿಸ್ ಎಂಬ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾದ ಅನುಮಾನವಿದ್ದರೆ ಅದನ್ನೂ ಹೇಳಿ, ಏಕೆಂದರೆ ಅದಕ್ಕಾಗಿ ಪ್ಲೇಟ್‌ಗಳನ್ನು ಎಂದಿಗಿಂತ ಹೆಚ್ಚು ದಿನ ಇಡಬೇಕಾಗುತ್ತದೆ.

ನಿಮ್ಮ ರೋಗಿಯ ವಿಷಯಕ್ಕೆ ಬಂದರೆ, ಈ ವರದಿಯೊಂದನ್ನೇ ನಂಬಿ ಅನೇರೋಬ್‌ಗಳ ವಿರುದ್ಧದ ಔಷಧವನ್ನು ನಿಲ್ಲಿಸುವುದು ಸರಿಯಲ್ಲ. ಗ್ರಾಂ ಸ್ಟೇನ್ ವರದಿಯನ್ನು ಚಿಕಿತ್ಸೆ ನೀಡುವ ವೈದ್ಯರ ಮುಂದಿಡಿ, ಬಾವಿನಲ್ಲಿ ಇನ್ನೂ ಕೀವು ಉಳಿದಿದ್ದರೆ ಹೊಸದಾಗಿ ಮಾದರಿ ತೆಗೆಯಲು ಕೇಳಿ.