ಆ ಎಂಸಿ ಚೌಕ ಮೊದಲು ಬಿಚ್ಚು ತಮ್ಮಾ

ತಮ್ಮಾ, ನೀನು ಹಾಕಿರೋ ಫೋಟೋ ನೋಡ್ದೆ. ಹೊಸ ಲೆದರ್ ವೆಸ್ಟು. ಬೆನ್ನ ಮೇಲೆ ಆನ್‌ಲೈನಲ್ಲಿ ಸೆಟ್ಟಾಗಿ ತರಿಸಿದ ಪ್ಯಾಚುಗಳು: ಮೇಲೆ ರಾಕರ್ ಅನ್ನೋ ಕಮಾನು ಪಟ್ಟಿ, ನಡುವೆ ತಲೆಬುರುಡೆ, ಕೆಳಗಿನ ರಾಕರಲ್ಲಿ ‘ಕರ್ನಾಟಕ’, ಪಕ್ಕದಲ್ಲಿ ಎಂಸಿ (ಮೋಟಾರ್‌ಸೈಕಲ್ ಕ್ಲಬ್) ಅನ್ನೋ ಚೌಕ, ಎದೆ ಮೇಲೆ ‘1%’ ಅಂತ ಬರೆದ ಒನ್ ಪರ್ಸೆಂಟ್ ಡೈಮಂಡು. ‘ಭಾನುವಾರದ ರೈಡಿಗೆ ಇದನ್ನೇ ಹಾಕ್ಕೊಂಡು ಬರ್ತೀನಿ, ಹೆಂಗಿದೆ’ ಅಂತ ಕೇಳಿದೀಯ. ಕೆಳಗೆ ಎಲ್ಲರೂ ಬೆಂಕಿ ಎಮೋಜಿ ಹಾಕಿ ಹೋಗಿದಾರೆ, ಒಬ್ಬರೂ ಬೇಡ ಅಂದಿಲ್ಲ. ಬೇಜಾರು ಮಾಡ್ಕೋಬೇಡ, ಇದೇ ಕೆಲಸ ನಾನೂ ಮಾಡಿದೀನಿ, ನಿನಗಿಂತ ಜಾಸ್ತಿ ದುಡ್ಡು ಸುರಿದು.

2013. ಗೋವಾದಲ್ಲಿ ಒಂದು ಬೈಕ್ ಮೇಳ. ನಾವು ನಾಲ್ಕು ಜನ ಗೆಳೆಯರು ಟೀ ಅಂಗಡೀಲಿ ಕೂತು ಒಂದು ಹೆಸರಿಟ್ಕೊಂಡು, ಚಿಕ್ಕಪೇಟೆ ಕಡೆ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡೋರ ಹತ್ರ ತ್ರೀ ಪೀಸ್, ಅಂದ್ರೆ ಎರಡು ರಾಕರ್, ನಡುವಿನ ಚಿತ್ರ, ಮಾಡಿಸಿದ್ವಿ. ಪಾರ್ಕಿಂಗಲ್ಲಿ ಸ್ಟ್ಯಾಂಡ್ ಹಾಕ್ತಿದ್ದ ಹಾಗೇ ಬಿಳಿ ಗಡ್ಡದ ಒಬ್ಬರು ಬಂದು ಭುಜದ ಮೇಲೆ ಕೈಯಿಟ್ರು. ಕನ್ನಡದೋರೇ. ಯಾವ ಕ್ಲಬ್ಬು? ಚಾಪ್ಟರ್ (ಶಾಖೆ) ಎಲ್ಲಿ? ಪ್ರಾಸ್ಪೆಕ್ಟಾಗಿ ಎಷ್ಟು ದಿನ ಇದ್ದೆ? ಮೂರನೇ ಪ್ರಶ್ನೆಗೆ ನಾನು ‘ಹಂಗಂದ್ರೇನು ಸಾರ್’ ಅಂದೆ. ಅವರು ಬಯ್ಯಲಿಲ್ಲ, ನಗಲೂ ಇಲ್ಲ. ‘ಬಿಚ್ಚಿ ಮಡಚಿ ಬ್ಯಾಗಲ್ಲಿಟ್ಕೊಪ್ಪ. ತಿಂಡಿ ಆಯ್ತಾ?’ ಅಂದ್ರು. ಬೈದಿದ್ರೇ ವಾಸಿ ಇತ್ತು.

ರಾತ್ರಿ ರೂಮಲ್ಲಿ ಬ್ಲೇಡ್ ತಗೊಂಡು ಮೂರೂ ಪೀಸ್ ಕಿತ್ತೆ. ಲೆದರಿಗೆ ಒಂದ್ಸಲ ಸೂಜಿ ಬಿತ್ತು ಅಂದ್ರೆ ಬಿತ್ತು, ಆ ತೂತು ಮುಚ್ಚಲ್ಲ. ಮುಂದಿನ ಮಳೆಗಾಲ ಆಗುಂಬೆ ಘಾಟಿ ಇಳಿಯೋವಾಗ ಅದೇ ತೂತಿನ ಸಾಲಿಂದ ನೀರು ಲೈನಿಂಗ್ ಒಳಗಿಳಿದು, ಮನೆಗೆ ಬಂದ ವಾರಕ್ಕೆ ಬೂಷ್ಟು. ಸುತ್ತಲಿನ ಕಪ್ಪು ಬಿಸಿಲಿಗೆ ಮಾಸಿದೆ, ಪ್ಯಾಚಿನಡಿ ಇದ್ದ ಜಾಗ ಮಾತ್ರ ಇವತ್ತಿಗೂ ಹೊಸದರ ಹಾಗೆ ಕಮಾನಾಗಿ ಕಾಣುತ್ತೆ. ಯಾರಾದ್ರೂ ‘ಇಲ್ಲೇನಿತ್ತು’ ಅಂತ ಕೇಳಿದಾಗೆಲ್ಲ ಮಾತು ಬದಲಾಯಿಸ್ತೀನಿ.

ಬಟ್ಟೆ ತುಂಡಿಗೆ ಇಷ್ಟ್ಯಾಕೆ ಅಂತೀಯ. ತ್ರೀ ಪೀಸ್ ಮತ್ತು ಎಂಸಿ ಅಂದ್ರೆ ಮೊದಲು ಹ್ಯಾಂಗರೌಂಡ್ (ಜೊತೆಗೆ ಓಡಾಡೋನು), ಆಮೇಲೆ ಪ್ರಾಸ್ಪೆಕ್ಟ್ (ಪರೀಕ್ಷೆಯಲ್ಲಿರೋ ಉಮೇದುವಾರ) ಅಂತ ತಿಂಗಳು, ವರ್ಷ ದುಡಿದು, ಕ್ಲಬ್ಬಿನವರು ಓಟು ಹಾಕಿ ಕೊಟ್ಟಿದ್ದು. ಅದು ಕ್ಲಬ್ಬಿನ ಸ್ವತ್ತು, ಬಿಟ್ಟು ಹೋಗೋವಾಗ ವಾಪಸ್ ಕೊಡಬೇಕು. ಕೆಳಗಿನ ರಾಕರ್ ಅಂದ್ರೆ ಈ ಸೀಮೆ ನಮ್ಮದು ಅಂತ ಅರ್ಥ. 2015ರ ಮೇನಲ್ಲಿ ಟೆಕ್ಸಾಸಿನ ವೇಕೋ ಊರಲ್ಲಿ ಬಂಡಿಡೋಸ್, ಕೊಸ್ಸಾಕ್ಸ್ ಕ್ಲಬ್ಬುಗಳ ನಡುವೆ ಗುಂಡು ಹಾರಿ 9 ಜನ ಸತ್ರಲ್ಲ, ‘ಟೆಕ್ಸಾಸ್’ ರಾಕರ್ ಯಾರು ಹಾಕಬೇಕು ಅನ್ನೋದೂ ಆ ಜಗಳದಲ್ಲಿತ್ತು. ನಮ್ಮಲ್ಲಿ ಗುಂಡು ಹಾರಲ್ಲ, ಸರಿ. ಆದ್ರೆ ಹೆದ್ದಾರೀಲಿ ಯಾರೂ ನಿನ್ನ ಜೊತೆ ನಿಂತು ಮಾತಾಡಲ್ಲ. ಆ ಡೈಮಂಡಂತೂ ಇನ್ನೊಂದು ಕಥೆ. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರಲ್ಲಿ ಗಲಾಟೆ ಆದ ಮೇಲೆ ‘ಶೇ. 99 ಸವಾರರು ಒಳ್ಳೆಯವರು’ ಅಂತ ಅಲ್ಲಿನ ಮೋಟಾರ್‌ಸೈಕಲ್ ಸಂಘ ಎಎಂಎ ಹೇಳ್ತು, ಉಳಿದ ಒಂದು ನಾವೇ ಅಂತ ಪುಂಡ ಕ್ಲಬ್ಬುಗಳು ಎದೆ ಮೇಲೆ ಹಾಕ್ಕೊಂಡ್ವು ಅಂತಾರೆ. ಅಂಥ ಹೇಳಿಕೆಯ ದಾಖಲೆಯೇ ನಮ್ಮಲ್ಲಿಲ್ಲ ಅಂತ ಎಎಂಎ ಹೇಳಿದೆ, ಅದು ಬೇರೆ. ಐಟಿ ಕಂಪನಿ ಐಡಿ ಕಾರ್ಡ್ ಕೊರಳಲ್ಲಿ ನೇತಾಡ್ತಿರೋವಾಗ ನಿನಗ್ಯಾಕಪ್ಪ ಅದು?

ಹಾಗಂತ ವೆಸ್ಟ್ ಖಾಲಿ ಇಡು ಅಂತಿಲ್ಲ. ರಕ್ತದ ಗುಂಪು, ಕನ್ನಡ ಬಾವುಟ, ನಿನ್ನ ಹೆಸರು, ಹೋಗಿ ಬಂದ ಜಾಗ, ಯಾರೂ ಕೇಳಲ್ಲ. ಆದ್ರೆ ಹೋಗಿ ಬಂದ ಮೇಲೆ ಹಾಕು. ನಿನ್ನ ಬಲಗಡೆ ‘ಖರ್ದುಂಗ್ ಲಾ 18,380 ಅಡಿ’ ಅಂತಿದೆ. ಹೋಗಿದೀಯಾ? ಲೇಹ್ ಬಜಾರಲ್ಲಿ ಕಾರಲ್ಲಿ ಬಂದೋರಿಗೂ ಅದು ಸಿಗುತ್ತೆ. ಲಡಾಖಿನ ಆ ಘಾಟಿಯ ಬೋರ್ಡಲ್ಲಿ ಹಂಗೆ ಬರೆದಿದ್ರು ನಿಜ, ಅಳತೆ ಮಾಡಿದೋರ ಲೆಕ್ಕ 17,582 ಅಡಿ ಆಸುಪಾಸು. ಸ್ಯಾಡಲ್‌ಸೋರ್ ಅನ್ನೋ ದೂರದ ಸವಾರಿಯ ಪ್ಯಾಚ್ ಬೇಕಾದ್ರೆ 24 ಗಂಟೇಲಿ 1,000 ಮೈಲಿ, ನಮ್ಮ ಲೆಕ್ಕದಲ್ಲಿ 1,609 ಕಿ.ಮೀ. ಪ್ರತಿ ಬಂಕಿನ ಬಿಲ್ಲು ಟೈಮ್ ಸಮೇತ ಇಟ್ಕೋಬೇಕು. ಹೋದ ವರ್ಷ ಗಾಡಿ ತಗೊಂಡೋನು ನೀನು, ಈಗಲೇ ಅದಕ್ಕೆ ಕೈ ಹಾಕಬೇಡ. ರಾತ್ರಿ ಹೈವೇಲಿ ಡಿವೈಡರ್ ಪಕ್ಕ ಎಮ್ಮೆ ಮಲಗಿರುತ್ತೆ.

ಹೊಲಿಗೆ ವಿಷಯಕ್ಕೆ ಬರ್ತೀನಿ. ಇಸ್ತ್ರಿ ಹಾಕಿ ಅಂಟಿಸೋದು ಲೆದರಿಗೆ ಬೇಡವೇ ಬೇಡ, ಸುಟ್ಟು ಮುದುಡುತ್ತೆ. ಡೆನಿಮ್ ಮೇಲೂ ಆ ಗಮ್ಮು ಎರಡು ಬೇಸಿಗೆ ಬಾಳಲ್ಲ. ಮೊದಲ ವರ್ಷ ಡೆನಿಮ್ ವೆಸ್ಟೇ ಹಾಕು, ತಪ್ಪಾದ್ರೆ ತೂತು ಮುಚ್ಕೊಳ್ಳುತ್ತೆ. ನನ್ನ ವಿಧಾನ: ಪ್ಯಾಚ್ ಹಿಂದೆ ಫೆವಿಸ್ಟಿಕ್ ಸವರಿ ಅಂಟಿಸು, ಮಕ್ಕಳು ಸ್ಕೂಲಲ್ಲಿ ಬಳಸೋದೇ. ವೆಸ್ಟ್ ಹಾಕ್ಕೊಂಡು ಗಾಡಿ ಮೇಲೆ ಕೂತು ಯಾರಿಗಾದ್ರೂ ಹಿಂದಿಂದ ಫೋಟೋ ತೆಗೆಯಕ್ಕೆ ಹೇಳು. ನಿಂತಾಗ ನೆಟ್ಟಗಿದ್ದಿದ್ದು ಹ್ಯಾಂಡಲ್ ಹಿಡಿದು ಬಗ್ಗಿದಾಗ ಓರೆ ಆಗಿರುತ್ತೆ. ಸರಿ ಇದ್ರೆ ಅಂಚಿನ ಬಣ್ಣದ್ದೇ ಪಾಲಿಯೆಸ್ಟರ್ ದಾರದಲ್ಲಿ ಕೈಹೊಲಿಗೆ. ಅಂಟು ಒಂದು ಒಗೆತಕ್ಕೆ ಹೋಗುತ್ತೆ. ಟೈಲರಿಗೆ ಕೊಟ್ರೆ ಒಳಜೇಬು ನೋಡ್ಕೊಳ್ಳಿ ಅಂತ ಎರಡು ಸಲ ಹೇಳು, ನಮ್ಮ ಏರಿಯಾದೋನು ಜೇಬನ್ನೂ ಸೇರಿಸಿ ಹೊಲಿದುಬಿಟ್ಟಿದ್ದ, ಒಳಗೆ ನನ್ನ ಐನೂರು ರೂಪಾಯಿ ಸಮೇತ. ಲೆದರೇ ಬೇಕು ಅಂದ್ರೆ ಟೈಲರ್ ಬೇಡ, ಶೂ, ಬ್ಯಾಗ್ ರಿಪೇರಿ ಮಾಡೋರ ಹತ್ರ ಹೋಗು, ಅವರ ಸೂಜಿ, ಮೇಣದ ದಾರ ಬೇರೆ.

ಇನ್ನೊಂದು, ಬರೀ ಟೀ ಶರ್ಟ್ ಮೇಲೆ ವೆಸ್ಟ್ ಹಾಕ್ಕೊಂಡು ನಂದಿ ಬೆಟ್ಟಕ್ಕೆ ಬಂದ್ರೆ ನಾನೇ ವಾಪಸ್ ಕಳಿಸ್ತೀನಿ. ವೆಸ್ಟ್ ಏನೂ ಕಾಪಾಡಲ್ಲ. ಒಳಗೆ ಆರ್ಮರ್ ಪ್ಯಾಡ್ ಇರೋ ಜಾಕೆಟ್ ಇರಲಿ. ರೈನಾಕ್ಸ್ ಕಂಪನಿ ಜಾಕೆಟ್ ನನಗೆ ಏಳು ವರ್ಷ ಬಂತು, ವಯಾಟೆರಾ ಬ್ಯಾಗ್ ಅದಕ್ಕಿಂತ ಜಾಸ್ತಿ. ಹಾಲಿವುಡ್ ಸ್ಟೈಲ್ ಅಂತ ಮಾರೋ ಹೆಸರಿಲ್ಲದ ಲೆದರೆಲ್ಲ ರೆಕ್ಸಿನ್ನು, ಮೂಸಿ ನೋಡು. ವೆಸ್ಟ್ ಹಾಕಿದಾಗ ಜಾಕೆಟಿನ ರಿಫ್ಲೆಕ್ಟರ್ ಪಟ್ಟಿ ಮುಚ್ಚುತ್ತಲ್ಲ, ರಾತ್ರಿ ರೈಡಿಗೆ ಬಿಚ್ಚಿ ಬ್ಯಾಗಿಗೆ ಹಾಕು.

ಮರ್ಯಾದೆ ಹೆಂಗೆ ಸಿಗುತ್ತೆ ಅಂತಲೂ ಕೇಳಿದೀಯ. ನಮ್ಮ ಗುಂಪಲ್ಲಿ ಹಳೇ ಯೆಜ್ಡಿ ಓಡಿಸೋ ಮೈಸೂರಿನ ಹಿರಿಯರಿದಾರೆ. ಆ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಅವರ ಗಾಡಿ ನಿಂತಿಲ್ಲ. ಮೈಮೇಲೆ ಒಂದೂ ಪ್ಯಾಚಿಲ್ಲ. ಯಾರದೇ ಗಾಡಿ ಕೆಮ್ಮಿದ್ರೂ ಪ್ಲಗ್ ಬಿಚ್ಚಿ ಬಣ್ಣ ನೋಡಿ ಏನು ರೋಗ ಅಂತ ಹೇಳ್ತಾರೆ. ಅವರು ಬಂದ್ರೆ ಟೀ ಅಂಗಡೀಲಿ ಕುರ್ಚಿ ತಾನಾಗೇ ಖಾಲಿ ಆಗುತ್ತೆ. ನೀನು ಟೈಮಿಗೆ ಬಾ, ಟ್ಯಾಂಕ್ ತುಂಬಿಸ್ಕೊಂಡು ಬಾ, ಮುಂದಿರೋ ಲೀಡನ್ನ ಓವರ್‌ಟೇಕ್ ಮಾಡಬೇಡ, ಮೂರು ರೈಡ್ ಸ್ವೀಪ್ ಮಾಡು, ಅಂದ್ರೆ ಎಲ್ಲರ ಹಿಂದೆ ಕೊನೆಯವನಾಗಿ ಬಾ. ಪಂಕ್ಚರ್ ಕಿಟ್ಟು, ಒಂದು ಕ್ಲಚ್ ಕೇಬಲ್ ಇಟ್ಕೋ.

ಭಾನುವಾರ ಬಿಡದಿ ತಟ್ಟೆ ಇಡ್ಲಿಗೆ, ಬೆಳಿಗ್ಗೆ ಐದೂವರೆಗೆ ಹೊರಡೋದು. ಸರ್ವೀಸ್ ರೋಡಲ್ಲೇ ಹೋಗೋದು, 2023ರ ಆಗಸ್ಟಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬೈಕಿಗೆ ಪ್ರವೇಶ ಇಲ್ಲ, ದಂಡ ಕಟ್ಟಿ ಆಮೇಲೆ ನನ್ನನ್ನ ಕೇಳಬೇಡ. ಅಷ್ಟರೊಳಗೆ ಆ ಚೌಕ, ಡೈಮಂಡು, ಎರಡೂ ರಾಕರ್ ತೆಗಿ. ನನ್ನ ಹಾಗೆ ಬ್ಲೇಡ್ ಹಾಕಬೇಡ. ಟೈಲರ್ ಸಾಮಾನಿನ ಅಂಗಡೀಲಿ ಹೊಲಿಗೆ ಬಿಚ್ಚೋ ಪುಟ್ಟ ಕೊಕ್ಕೆ ಸಿಗುತ್ತೆ, ಲೈನಿಂಗ್ ಕಡೆಯಿಂದ ನಾಲ್ಕು ಹೊಲಿಗೆಗೊಂದು ಕತ್ತರಿಸಿ ಮುಂದಿಂದ ಎಳಿ, ಬರುತ್ತೆ.