ಪರದೆ ಮೇಲಿನ ಎಚ್ಚರಿಕೆ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು: ಪರದೆ ಮೇಲೆ ಏನೋ ಎಚ್ಚರಿಕೆ ಬಂತು, ಏನು ಮಾಡಲಿ? ತೊಂದರೆ ಏನೆಂದರೆ, ಬೆಂಕಿ ಬಿದ್ದರೂ ಒಂದೇ ಗಂಟೆ, ಹಾಲಿನವನು ಬಂದರೂ ಅದೇ ಗಂಟೆ. ನಾಲ್ಕನ್ನು ಆರಿಸಿ ಉತ್ತರಿಸಿದ್ದೇವೆ.

ಮೊಬೈಲಿಗೆ ಕನ್ನಡ ಕೀಬೋರ್ಡ್ ಹಾಕಲು ಹೋದರೆ, ಪಾಸ್‌ವರ್ಡ್ ಸೇರಿ ಟೈಪ್ ಮಾಡುವುದೆಲ್ಲವನ್ನೂ ಇದು ಸಂಗ್ರಹಿಸಬಹುದು ಎನ್ನುತ್ತದೆ. ಕನ್ನಡ ಬರೆಯುವುದನ್ನೇ ಬಿಡಬೇಕೆ? (ಶಿರಸಿ)

ಬಿಡಬೇಡಿ. ಹೊರಗಿನಿಂದ ತಂದು ಹಾಕಿದ ಯಾವ ಕೀಬೋರ್ಡಿಗೂ ಆಂಡ್ರಾಯ್ಡ್ ಇದೇ ಮಾತು ಹೇಳುತ್ತದೆ, ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಹಾಗೆಂದು ಮಾತು ಸುಳ್ಳಲ್ಲ. 2024ರ ಏಪ್ರಿಲ್‌ನಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಒಂಬತ್ತು ಕಂಪನಿಗಳ ಚೀನೀ ಪಿನ್‌ಯಿನ್ (ಇಂಗ್ಲಿಷ್ ಅಕ್ಷರ ಒತ್ತಿ ಚೀನೀ ಬರೆಯುವ) ಕೀಬೋರ್ಡ್‌ಗಳನ್ನು ಪರೀಕ್ಷಿಸಿ ಎಂಟರಲ್ಲಿ ದೋಷ ಕಂಡುಹಿಡಿಯಿತು. ಪದ ಸೂಚಿಸಲೆಂದು ಅಕ್ಷರಗಳನ್ನು ಸರ್ವರಿಗೆ ಕಳಿಸುವಾಗ ಹಾಕಿದ್ದ ಬೀಗ ಸಡಿಲವಾಗಿತ್ತು, ದಾರಿಯಲ್ಲಿದ್ದವರು ಓದಬಹುದಿತ್ತು. ಅದಕ್ಕೆ ಕಳ್ಳತನದ ಉದ್ದೇಶವೇನೂ ಬೇಕಿರಲಿಲ್ಲ, ಅಸಡ್ಡೆ ಸಾಕಾಗಿತ್ತು.

ಹೊಸದು ಹುಡುಕುವ ಮುಂಚೆ ಫೋನಿನಲ್ಲಿ ಈಗಾಗಲೇ ಇರುವುದನ್ನು ನೋಡಿ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಇರುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳು ಎಂಬಲ್ಲಿ ಕನ್ನಡ ಸೇರಿಸಿದರೆ ಆಯಿತು. ಬೇರೆಯದೇ ಬೇಕೆಂದರೆ, ಅದು ಕೇಳುವ ಅನುಮತಿಗಳನ್ನು ಗಮನಿಸಿ. ಅಕ್ಷರ ಮೂಡಿಸಲು ನಿಮ್ಮ ಸಂಪರ್ಕ ಪಟ್ಟಿಯಾಗಲಿ, ನೀವಿರುವ ಜಾಗವಾಗಲಿ ಬೇಕಾಗಿಲ್ಲ. ಐಫೋನಿನಲ್ಲಾದರೆ ‘ಫುಲ್ ಆ್ಯಕ್ಸೆಸ್’ ಕೊಡದಿದ್ದರೆ ಹೊರಗಿನ ಕೀಬೋರ್ಡಿಗೆ ಇಂಟರ್ನೆಟ್ಟೇ ಸಿಗುವುದಿಲ್ಲ.

ಲ್ಯಾಪ್‌ಟಾಪ್ ಚೆನ್ನಾಗಿಯೇ ಓಡುತ್ತಿದೆ. ಆದರೆ ವಿಂಡೋಸ್ 11ಕ್ಕೆ ಇದು ಅರ್ಹವಲ್ಲ ಎಂದು ಬರುತ್ತದೆ. ಗುಜರಿಗೆ ಹಾಕಬೇಕೆ? (ಹಾಸನ)

ನಿಮ್ಮಲ್ಲಿ ಈಗಿರುವ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಈ ಎಚ್ಚರಿಕೆಯಲ್ಲಿ ಅರ್ಧ ಸತ್ಯವಿದೆ, ಇನ್ನರ್ಧ ಹೊಸ ಲ್ಯಾಪ್‌ಟಾಪ್ ಮಾರುವ ಆಸೆ.

ಮೊದಲು ಪ್ರೊಸೆಸರ್ ಹೆಸರು ನೋಡಿ. ಐ5-8250ಯು ಎಂದಿದ್ದರೆ ಗೆರೆಯ ಮುಂದಿನ 8 ಅದರ ತಲೆಮಾರು. ಇಂಟೆಲ್‌ನಲ್ಲಿ ಎಂಟನೆಯದು ಅಥವಾ ಅದಕ್ಕಿಂತ ಹೊಸದಾಗಿದ್ದೂ ಹೀಗೆ ಹೇಳುತ್ತಿದ್ದರೆ, ಟಿಪಿಎಂ 2.0 ಎಂಬ ಭದ್ರತಾ ಭಾಗ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ ಮೂಲ ತಂತ್ರಾಂಶದಲ್ಲಿ) ಆಫ್ ಆಗಿರುವ ಸಾಧ್ಯತೆ ಹೆಚ್ಚು. ಇಂಟೆಲ್ ಯಂತ್ರಗಳಲ್ಲಿ ಅದಕ್ಕೆ ಪಿಟಿಟಿ ಎಂದೂ ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಹೆಸರು. ಆನ್ ಮಾಡಿದರೆ ಕೆಲಸ ಮುಗಿಯಿತು. ಆದರೆ ಬಯೋಸ್ ಮುಟ್ಟುವ ಮೊದಲು, ಡಿಸ್ಕಿಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಡಿಸ್ಕಿಗೆ ಬೀಗ ಬಿದ್ದಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಬಯೋಸ್ ಬದಲಾದೊಡನೆ ಯಂತ್ರ ಆ ಕೀ ಕೇಳಬಹುದು, ಇಲ್ಲದಿದ್ದರೆ ಫೈಲುಗಳು ಹೋದಂತೆಯೇ.

ಏಳನೆಯ ತಲೆಮಾರಿನದೋ ಅದಕ್ಕಿಂತ ಹಳೆಯದೋ ಆಗಿದ್ದರೆ ದಾರಿ ಬೇರೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದವರಿಗೆ ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿತು. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಉಚಿತ, ಇಲ್ಲವಾದರೆ 30 ಡಾಲರ್.

ಇನ್ನೊಂದು ದಾರಿ, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್. ಕನ್ನಡ ಟೈಪಿಂಗ್ ಏನಾಗುತ್ತದೋ ಎಂಬ ಭಯ ಬೇಡ: ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ‘ಕಗಪ’ ಎಂದೇ ಇದೆ, ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದೇನಿಲ್ಲ. ನುಡಿಯ ಹಳೆ ಆಸ್ಕಿ ಫಾಂಟಿನ ಕಡತಗಳನ್ನು ಮಾತ್ರ ಮೊದಲೇ ಯುನಿಕೋಡಿಗೆ ಬದಲಿಸಿಕೊಂಡಿರಿ.

ಡೆವಲಪರ್ ಆಪ್ಷನ್ಸ್ ಆನ್ ಇದೆ ಎಂದು ಬ್ಯಾಂಕ್ ಆ್ಯಪ್ ತೆರೆಯುವುದೇ ಇಲ್ಲ. (ಬಳ್ಳಾರಿ)

ಯಾರೋ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿದ್ದಾರೆ, ಅಷ್ಟೆ. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಆಪ್ಷನ್ಸ್ ಹುಡುಕಿ ಆಫ್ ಮಾಡಿ. ಅದರೊಳಗಿನ ಯುಎಸ್‌ಬಿ ಡೀಬಗಿಂಗ್ ಮೂಲಕ ಕಂಪ್ಯೂಟರಿನಿಂದ ಫೋನಿಗೆ ಆ್ಯಪ್ ತುಂಬಬಹುದು, ಬ್ಯಾಂಕಿಗೆ ಅದೇ ಅಂಜಿಕೆ.

ಪರಿಚಯದವರ ವಾಟ್ಸ್‌ಆ್ಯಪ್‌ನಿಂದ ಮದುವೆ ಕರೆಯೋಲೆ ಬಂತು. ‘ಅಪರಿಚಿತ ಆ್ಯಪ್’ ಎಂದು ಫೋನ್ ಹೇಳಿದರೂ ತಂದೆ ಅನುಮತಿ ಕೊಟ್ಟುಬಿಟ್ಟಿದ್ದಾರೆ. ಏನೂ ತೆರೆಯಲಿಲ್ಲ. ಈಗ? (ದಾವಣಗೆರೆ)

ಹೆದರಬೇಕಾದ ಎಚ್ಚರಿಕೆ ಇದೇ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಫೈಲ್ ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಕಾಗದವಲ್ಲ, ಆ್ಯಪ್. ‘ಏನೂ ತೆರೆಯಲಿಲ್ಲ’ ಎಂದಿರಲ್ಲ, ಚಿಹ್ನೆ ಅಡಗಿಸಿಕೊಂಡು ಕೂರುವುದು ಇಂಥ ಆ್ಯಪ್‌ಗಳ ಮಾಮೂಲು ವರಸೆ. ಎಸ್ಸೆಮ್ಮೆಸ್ ಓದುವ ಅನುಮತಿ ಸಿಕ್ಕರೆ ಒಟಿಪಿ ಸೀದಾ ಕಳ್ಳನ ಕೈಗೆ.

ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಸಿಮ್ ತೆಗೆದು ಹಳೆಯ ಬಟನ್ ಫೋನಿಗೆ ಹಾಕಿ, ಒಟಿಪಿ ಇನ್ನು ಅಲ್ಲಿಗೇ ಬರುತ್ತದೆ. ಅದರಿಂದಲೇ ##002# ಒತ್ತಿ ಕರೆ ಮಾಡಿದರೆ, ಕಳ್ಳ ಕಾಲ್ ಫಾರ್ವರ್ಡಿಂಗ್ ಇಟ್ಟಿದ್ದರೆ ಅದೂ ರದ್ದು. ಆಮೇಲೆ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್ ನಿಲ್ಲಿಸಿ. ಹಣ ಹೋಗಿದ್ದರೆ ಅದೇ ಗಳಿಗೆ 1930ಕ್ಕೆ ದೂರು.

ಇಷ್ಟಾದ ಮೇಲೆ ಫೋನಿಗೆ ಬನ್ನಿ. ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಆ್ಯಪ್‌ಗಳ ಪಟ್ಟಿ ತೆರೆದು, ಹೆಸರೋ ಚಿಹ್ನೆಯೋ ಇಲ್ಲದ್ದನ್ನು ಹುಡುಕಿ. ಅನ್‌ಇನ್‌ಸ್ಟಾಲ್ ಗುಂಡಿ ಮಂಕಾಗಿದ್ದರೆ ‘ಡಿವೈಸ್ ಅಡ್ಮಿನ್’ ಮತ್ತು ‘ಆ್ಯಕ್ಸೆಸಿಬಿಲಿಟಿ’ ಎರಡರಲ್ಲೂ ಅದನ್ನು ಆಫ್ ಮಾಡಿ ಮತ್ತೆ ನೋಡಿ. ಪರದೆಯ ಫೋಟೊಗಳನ್ನು ಇನ್ನೊಂದು ಫೋನಿನಲ್ಲಿ ತೆಗೆದಿಟ್ಟುಕೊಂಡ ನಂತರವೇ ಫ್ಯಾಕ್ಟರಿ ರೀಸೆಟ್. ಮೊದಲೇ ಮಾಡಿದರೆ ಸಾಕ್ಷ್ಯ ಅಳಿಸಿಹೋಗುತ್ತದೆ. ಪಿನ್, ಪಾಸ್‌ವರ್ಡ್ ಬದಲಿಸುವುದು ಬೇರೆ ಶುದ್ಧ ಫೋನಿನಿಂದಲೇ ಆಗಲಿ. ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ನೋಡಿ ಗುರುತಿಲ್ಲದ್ದನ್ನು ಕಿತ್ತುಹಾಕಿ. ಕರೆಯೋಲೆ ಕಳಿಸಿದ ಪರಿಚಯದವರಿಗೂ ಫೋನ್ ಮಾಡಿ ತಿಳಿಸಿ, ಅವರ ಫೋನೂ ಹೀಗೇ ಕೆಟ್ಟಿರಬಹುದು.

ದೂರು ಕೊಟ್ಟ ಹೊತ್ತನ್ನು ನಿಮಿಷ ಸಮೇತ ಬರೆದಿಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ಹಣ ಹೋದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು.